ಸೂಜಿ ಹಿಡಿಯುವ ಮುಂಚೆ: ಮೈಸೂರು, ಮಂಡ್ಯದಲ್ಲಿ ಟ್ಯಾಟೂ, ಪಿಯರ್ಸಿಂಗ್, ಅಕ್ಯುಪಂಕ್ಚರ್ ಶುರು ಮಾಡುವವರಿಗೆ ನೋಂದಣಿಯ ದಾರಿ

ಮೊದಲು ಅಂಗಡಿ ಹಿಡಿಯಬೇಡಿ. ಅಡ್ವಾನ್ಸ್ ಕೊಡಬೇಡಿ, ಬೋರ್ಡು ಬರೆಸಬೇಡಿ, ಕುರ್ಚಿ ತರಿಸಬೇಡಿ. ಟ್ಯಾಟೂ ಸ್ಟುಡಿಯೋ ತೆರೆಯಬೇಕು ಎಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಹೇಳುವ ಮೊದಲ ಮಾತು ಇದು. ಯಾಕೆಂದರೆ ನಾನು ಇದನ್ನೆಲ್ಲ ಮೊದಲೇ ಮಾಡಿ ಕೈ ಸುಟ್ಟುಕೊಂಡೆ.

ಕುವೆಂಪುನಗರದಲ್ಲಿ ಮೊದಲ ಮಹಡಿಯ ಒಂದು ಪುಟ್ಟ ಜಾಗ ಇಷ್ಟವಾಗಿತ್ತು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟು, ಬಣ್ಣ ಹೊಡೆಸಿ, ಆಮೇಲೆ ಉದ್ದಿಮೆ ಪರವಾನಗಿಗೆ, ಅಂದರೆ ಟ್ರೇಡ್ ಲೈಸೆನ್ಸಿಗೆ, ಹೋದೆ. ಕಂದಾಯ ರಸೀದಿ ನೋಡಿದರೆ ಇಡೀ ಕಟ್ಟಡ ವಾಸದ ಮನೆ. ಬಾಡಿಗೆ ಕರಾರಿನಲ್ಲೂ 'ವಾಸಕ್ಕಾಗಿ' ಎಂದೇ ಬರೆದಿತ್ತು. ಬದಲಾಯಿಸಿಕೊಡಿ ಎಂದರೆ, ಕಂದಾಯ ಜಾಸ್ತಿ ಆಗುತ್ತದೆ ಎಂದು ಮಾಲೀಕರು ಒಪ್ಪಲಿಲ್ಲ. ಮೂರು ತಿಂಗಳು ಮುಚ್ಚಿದ ಬಾಗಿಲಿಗೆ ಬಾಡಿಗೆ ಕಟ್ಟಿ, ಕೊನೆಗೆ ಬೇರೆ ಜಾಗಕ್ಕೆ ಹೋದೆ. ಅಡ್ವಾನ್ಸ್ ಪೂರ್ತಿ ವಾಪಸ್ ಬರಲಿಲ್ಲ.

ನನ್ನ ತಂಗಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಓದಿ, ಮಂಡ್ಯದಲ್ಲಿ ಅಕ್ಯುಪಂಕ್ಚರ್ ಕ್ಲಿನಿಕ್ ಇಟ್ಟಿದ್ದಾಳೆ. ಅವಳು ಹತ್ತಿದ ಮೆಟ್ಟಿಲು ಬೇರೆ, ನಾನು ಹತ್ತಿದ್ದು ಬೇರೆ. ಇಬ್ಬರ ಅನುಭವವನ್ನೂ ಸೇರಿಸಿ ಇದನ್ನು ಬರೆದಿದ್ದೇನೆ.

ಮೂರು ಕೆಲಸ ಯಾಕೆ ಒಟ್ಟಿಗೆ?

ಹಚ್ಚೆ, ಕಿವಿ ಮೂಗು ಚುಚ್ಚುವುದು, ಅಕ್ಯುಪಂಕ್ಚರ್. ನೋಡಲು ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮೂರರಲ್ಲೂ ಸೂಜಿ ಚರ್ಮ ದಾಟುತ್ತದೆ. ರಕ್ತನಿಧಿಗೆ ಹೋಗಿ ನೋಡಿ, ಅವರಿಗೆ ಈ ಮೂರೂ ಒಂದೇ. ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ಇವುಗಳಲ್ಲಿ ಯಾವುದನ್ನು ಮಾಡಿಸಿಕೊಂಡರೂ 12 ತಿಂಗಳು ರಕ್ತ ಕೊಡುವಂತಿಲ್ಲ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಒಂದೇ ಸೂಜಿಯಲ್ಲಿ ದಾಟಬಲ್ಲವು ಎನ್ನುವುದೇ ಕಾರಣ.

ಇಂಗ್ಲೆಂಡಿನಲ್ಲಿ 1982ರ ಒಂದು ಕಾನೂನು ಈ ಮೂರನ್ನೂ ಒಂದೇ ಕಡೆ ಸೇರಿಸಿದೆ. ಅಲ್ಲಿ ಸ್ಥಳೀಯ ಕೌನ್ಸಿಲ್‌ನಲ್ಲಿ ಕೆಲಸಗಾರರೂ ನೋಂದಾಯಿಸಬೇಕು, ಜಾಗವನ್ನೂ ನೋಂದಾಯಿಸಬೇಕು. ನಮ್ಮಲ್ಲಿ ಹಾಗೆ ಒಂದೇ ಕಿಟಕಿ ಇಲ್ಲ. ಪಾಲಿಕೆ ಒಂದು ಕಾಗದ ಕೊಡುತ್ತದೆ, ಕಾರ್ಮಿಕ ಇಲಾಖೆ ಇನ್ನೊಂದು, ಆರೋಗ್ಯ ಇಲಾಖೆ ಮತ್ತೊಂದು. ಸೂಜಿಯನ್ನು ಹೇಗೆ ಬಳಸುತ್ತೀರಿ ಎಂದು ಟ್ಯಾಟೂ ಅಂಗಡಿಯವನನ್ನು ಕೂರಿಸಿ ಕೇಳುವ ಅಧಿಕಾರಿ ಅಪರೂಪ. ಹಾಗಾಗಿ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು, ಉತ್ತರವನ್ನು ಬರೆದೂ ಇಡಬೇಕು. ಕೆಳಗೆ ನಾನು ಕಾಗದಪತ್ರದ ಜೊತೆ ಸೂಜಿ, ಕಸ, ರಿಜಿಸ್ಟರ್ ಬಗ್ಗೆ ಇಷ್ಟುದ್ದ ಬರೆದಿರುವುದು ಅದಕ್ಕೇ.

ಹೆಜ್ಜೆ 1: ನಿಮ್ಮದು ಅಂಗಡಿಯೋ, ಕ್ಲಿನಿಕ್ಕೋ?

ಇದು ತೀರ್ಮಾನವಾದರೆ ಅರ್ಧ ದಾರಿ ಸ್ಪಷ್ಟ.

ಟ್ಯಾಟೂ, ಪಿಯರ್ಸಿಂಗ್ ಅಂಗಡಿ ಕೆಲಸ. ಅದಕ್ಕೆ ಉದ್ದಿಮೆ ಪರವಾನಗಿ ಮುಖ್ಯ.

ಅಕ್ಯುಪಂಕ್ಚರ್ ಚಿಕಿತ್ಸೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007, ಅಂದರೆ ಎಲ್ಲರೂ ಕೆಪಿಎಂಇ ಎನ್ನುವ ಕಾಯ್ದೆ, 'ವೈದ್ಯಕೀಯ ಚಿಕಿತ್ಸೆ' ಎಂದರೆ ಏನು ಎಂದು ಹೇಳುವಾಗ ಅಕ್ಯುಪಂಕ್ಚರ್ ಮತ್ತು ಅಕ್ಯುಪ್ರೆಷರ್ ಎರಡನ್ನೂ ಹೆಸರಿಟ್ಟು ಸೇರಿಸಿದೆ. ಆದ್ದರಿಂದ 'ನಾನು ಸುಮ್ನೆ ನಾಲ್ಕು ಸೂಜಿ ಹಾಕುತ್ತೇನೆ, ಔಷಧಿ ಕೊಡುವುದಿಲ್ಲ' ಎಂದರೆ ನಡೆಯುವುದಿಲ್ಲ. ಕೆಪಿಎಂಇ ನೋಂದಣಿ ಬೇಕೇ ಬೇಕು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಟ್ಯಾಟೂ ಅಂಗಡಿಯವರು ಗೆರೆ ದಾಟುವುದೂ ಉಂಟು. ನೋವಾಗದಿರಲಿ ಎಂದು ಮರಗಟ್ಟಿಸುವ ಇಂಜೆಕ್ಷನ್ ಕೊಡುವುದು, ಲೇಸರ್ ಯಂತ್ರ ತಂದು ಹಳೆ ಹಚ್ಚೆ ಅಳಿಸುವುದು, ಎರಡೂ ವೈದ್ಯರ ಕೆಲಸ. ಅಳಿಸಲು ಬಂದವರನ್ನು ನಾನು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ನೀವೂ ಹಾಗೇ ಮಾಡಿ.

ಹೆಜ್ಜೆ 2: ಜಾಗದ ಕಾಗದ ಓದಿ

ಜಾಗ ಇಷ್ಟವಾದ ಕೂಡಲೇ ಮಾಲೀಕರಿಂದ ಈ ವರ್ಷದ ಕಂದಾಯ ರಸೀದಿಯ ಜೆರಾಕ್ಸ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಆ ಜಾಗ ಬೇಡ. ರಸೀದಿಯಲ್ಲಿ ಎರಡು ವಿಷಯ ನೋಡಬೇಕು.

ಒಂದು, ಮೇಲೆ ಯಾರ ಹೆಸರಿದೆ? ಮೈಸೂರು ಎಂದು ನಾವು ಕರೆಯುವುದೆಲ್ಲ ಮಹಾನಗರ ಪಾಲಿಕೆಗೆ ಸೇರಿದ್ದಲ್ಲ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ ಕಡೆ ನಗರಸಭೆ, ಪಟ್ಟಣ ಪಂಚಾಯಿತಿ ಎಂದು ಬೇರೆ ಬೇರೆ ರಸೀದಿ ನೋಡಿದ್ದೇನೆ. ಇನ್ನೂ ಆಚೆಗೆ ಹೋದರೆ ಗ್ರಾಮ ಪಂಚಾಯಿತಿ. ಗಡಿ ಬದಲಾಗುತ್ತಲೂ ಇರುತ್ತದೆ. ಈ ವರ್ಷದ ಕಂದಾಯ ಯಾರು ತೆಗೆದುಕೊಂಡಿದ್ದಾರೋ ಅವರ ಹತ್ತಿರವೇ ಪರವಾನಗಿಗೆ ಹೋಗಬೇಕು. ಮಂಡ್ಯ ಪಟ್ಟಣದಲ್ಲಾದರೆ ನಗರಸಭೆ.

ಎರಡು, ಕಟ್ಟಡ ವಾಸಕ್ಕೋ, ವಾಣಿಜ್ಯಕ್ಕೋ? ವಾಸದ ಕಟ್ಟಡವಾದರೆ ಮಾಲೀಕರು ಅದನ್ನು ಸರಿಪಡಿಸಿಕೊಡಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಒಪ್ಪಿದರೆ ಬಾಯಿಮಾತಿನಲ್ಲಿ ಬಿಡಬೇಡಿ, ಕರಾರಿನಲ್ಲಿ ಬರೆಸಿ. ಕರೆಂಟ್ ಮೀಟರ್ ಕೂಡ ನೋಡಿ. ಮೈಸೂರಿಗೂ ಮಂಡ್ಯಕ್ಕೂ ಕರೆಂಟ್ ಕೊಡುವುದು ಸೆಸ್ಕ್. ಅಂಗಡಿಗೆ ವಾಣಿಜ್ಯ ದರದ ಸಂಪರ್ಕವೇ ಇರಬೇಕು. ಮನೆ ಮೀಟರಿನಲ್ಲಿ ಅಂಗಡಿ ನಡೆಸಿದರೆ ಸಿಕ್ಕಿಬಿದ್ದ ದಿನ ದಂಡ ಕಟ್ಟುವವರು ನೀವು, ಮಾಲೀಕರಲ್ಲ.

ಬಾಡಿಗೆ ಕರಾರಿನಲ್ಲಿ 'ವಾಣಿಜ್ಯ ಉದ್ದೇಶಕ್ಕಾಗಿ' ಎಂದಷ್ಟೇ ಬರೆಸಿದರೆ ಸಾಲದು. 'ಟ್ಯಾಟೂ ಮತ್ತು ಪಿಯರ್ಸಿಂಗ್ ಸ್ಟುಡಿಯೋ ನಡೆಸಲು' ಎಂದು ಬಿಡಿಸಿ ಬರೆಸಿ. ಆರು ತಿಂಗಳ ಮೇಲೆ 'ನೀವು ಸೂಜಿ ಚುಚ್ಚುತ್ತೀರಿ ಎಂದು ನಮಗೆ ಗೊತ್ತೇ ಇರಲಿಲ್ಲ' ಎನ್ನುವ ಮಾಲೀಕರನ್ನು ಕಂಡಿದ್ದೇನೆ. ಇನ್ನೊಂದು ಸಾಲು ಸೇರಿಸಿ: ಜಾಗದ ದಾಖಲೆಯ ಕೊರತೆಯಿಂದ ಪರವಾನಗಿ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಈ ಒಂದು ಸಾಲು ನನ್ನ ಕರಾರಿನಲ್ಲಿ ಇದ್ದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಜಾಗದೊಳಗೆ ನೋಡಬೇಕಾದ್ದು ಮುಖ್ಯವಾಗಿ ನೀರು. ಕೆಲಸ ಮಾಡುವ ಕೋಣೆಯಲ್ಲೇ ಹರಿಯುವ ನೀರಿನ ಸಿಂಕ್ ಇರಬೇಕು. ಹೊರಗಿನ ಶೌಚಾಲಯದ ಬೇಸಿನ್ನಿನಲ್ಲಿ ಕೈ ತೊಳೆದು, ಬಾಗಿಲ ಹಿಡಿ ಮುಟ್ಟಿ ಒಳಗೆ ಬಂದರೆ ತೊಳೆದೂ ಪ್ರಯೋಜನವಿಲ್ಲ, ಅಲ್ವಾ?

ಹೆಜ್ಜೆ 3: ಉದ್ದಿಮೆ ಪರವಾನಗಿ

ಮೈಸೂರಿನಲ್ಲಿ ಇದು ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ 353ನೇ ಕಲಂ ಪ್ರಕಾರ ಸಿಗುವ ಪರವಾನಗಿ. ಮಂಡ್ಯದಂಥ ನಗರಸಭೆಗಳಿಗೆ ಪೌರಸಭೆಗಳ ಕಾಯ್ದೆ 1964. ಎರಡು ಕಡೆಯೂ ಇದನ್ನು ನೋಡಿಕೊಳ್ಳುವುದು ಆರೋಗ್ಯ ಶಾಖೆ. ಮೈಸೂರಿನಲ್ಲಿ ನಿಮ್ಮ ವಾರ್ಡು ಯಾವ ವಲಯ ಕಚೇರಿಗೆ ಸೇರುತ್ತದೆ ಎಂದು ತಿಳಿದುಕೊಂಡು ಅಲ್ಲಿಗೇ ಹೋಗಿ. ಮುಖ್ಯ ಕಚೇರಿಗೆ ಹೋದರೂ ಕೊನೆಗೆ ವಲಯಕ್ಕೇ ಕಳಿಸುತ್ತಾರೆ.

ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು. ಆದರೆ ಅದಕ್ಕೂ ಮುಂಚೆ ಒಮ್ಮೆ ಆರೋಗ್ಯ ನಿರೀಕ್ಷಕರನ್ನು ಭೇಟಿ ಮಾಡಿ. ಬೆಳಿಗ್ಗೆ ಬೇಗ ಹೋಗಬೇಡಿ, ಅವರು ವಾರ್ಡು ಸುತ್ತುತ್ತಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಸಿಗುವುದು ಜಾಸ್ತಿ. 'ಸಾರ್, ಹಚ್ಚೆ ಹಾಕುವ ಅಂಗಡಿ. ಯಾವ ಉದ್ದಿಮೆ ಎಂದು ಹಾಕಬೇಕು?' ಎಂದು ನೇರವಾಗಿ ಕೇಳಿ. ಉದ್ದಿಮೆಗಳ ಪಟ್ಟಿಯಲ್ಲಿ ನಿಮ್ಮ ಕೆಲಸದ ಹೆಸರು ಹುಡುಕಿದರೆ ಸಿಗದೇ ಹೋಗಬಹುದು. ನನ್ನದನ್ನು ಬ್ಯೂಟಿ ಪಾರ್ಲರ್ ಗುಂಪಿಗೆ ಸೇರಿಸಿದರು. ಗುಂಪು ಯಾವುದಾದರೂ ಆಗಲಿ, ವಿವರ ಬರೆಯುವ ಜಾಗದಲ್ಲಿ 'ಟ್ಯಾಟೂ ಮತ್ತು ದೇಹ ಚುಚ್ಚುವಿಕೆ' ಎಂದು ಬರೆಯುವುದನ್ನು ಬಿಡಬೇಡಿ. ಬರೀ ಬ್ಯೂಟಿ ಪಾರ್ಲರ್ ಎಂದು ಪರವಾನಗಿ ಪಡೆದು ಒಳಗೆ ಹಚ್ಚೆ ಹಾಕಿದರೆ, ಒಂದು ದೂರು ಬಂದ ದಿನ ಆ ಕಾಗದ ನಿಮ್ಮ ಕೈ ಹಿಡಿಯುವುದಿಲ್ಲ.

ಜೊತೆಗೆ ಇಡಬೇಕಾದ್ದು: ನಿಮ್ಮ ಗುರುತಿನ ಚೀಟಿ, ಫೋಟೋ, ಬಾಡಿಗೆ ಕರಾರು, ಕಂದಾಯ ರಸೀದಿ, ಮಾಲೀಕರ ಒಪ್ಪಿಗೆ ಪತ್ರ. ನಾನು ಇವುಗಳ ಜೊತೆ ಯಾರೂ ಕೇಳದ ಒಂದು ಹಾಳೆಯನ್ನೂ ಇಟ್ಟೆ. ಅಂಗಡಿಯ ನಕ್ಷೆ ಕೈಯಲ್ಲೇ ಬರೆದು, ಸಿಂಕ್ ಎಲ್ಲಿ, ಆಟೋಕ್ಲೇವ್ (ಹಬೆಯ ಒತ್ತಡದಲ್ಲಿ ರೋಗಾಣು ಕೊಲ್ಲುವ ಯಂತ್ರ) ಎಲ್ಲಿ, ಬಳಸಿದ ಸೂಜಿಯ ಡಬ್ಬ ಎಲ್ಲಿ ಎಂದು ಗುರುತು ಮಾಡಿದ್ದೆ. ಕೆಳಗೆ, ಸೂಜಿಯನ್ನು ಒಬ್ಬರಿಗೆ ಒಂದೇ ಸಲ ಬಳಸುತ್ತೇನೆ ಎಂದು ಮುಚ್ಚಳಿಕೆ ಬರೆದು ಸಹಿ ಹಾಕಿದ್ದೆ. ತಪಾಸಣೆಗೆ ಬಂದವರು ಅದನ್ನೇ ಕೈಯಲ್ಲಿ ಹಿಡಿದು ಒಂದೊಂದಾಗಿ ನೋಡಿದರು. ಕೆಲಸ ಬೇಗ ಮುಗಿಯಿತು.

ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ತೆಗೆದುಕೊಳ್ಳಿ. 2011ರ ಸಕಾಲ ಕಾಯ್ದೆ ಪ್ರಕಾರ ಪ್ರತಿ ಸೇವೆಗೂ ಇಷ್ಟು ದಿನ ಎಂದು ಗಡುವು ಇರುತ್ತದೆ. ತಡವಾದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. 500 ರೂಪಾಯಿ ದೊಡ್ಡದಲ್ಲ. ಆದರೆ ಸಕಾಲ ಸಂಖ್ಯೆ ಇರುವ ಅರ್ಜಿ ಮೂಲೆಗೆ ಬೀಳುವುದು ಕಡಿಮೆ. ಮಧ್ಯವರ್ತಿ ಬೇಡ. ಇದರಲ್ಲಿ ನಿಮಗೆ ಮಾಡಲಾಗದಂಥದ್ದು ಏನೂ ಇಲ್ಲ.

ಪರವಾನಗಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಜನವರಿಯಲ್ಲಿ ಪಡೆದರೆ ಮೂರೇ ತಿಂಗಳಿಗೆ ಮತ್ತೆ ನವೀಕರಣ ಬರುತ್ತದೆ. ಅವಸರವಿಲ್ಲದಿದ್ದರೆ ಏಪ್ರಿಲ್‌ಗೆ ಹೊಂದಿಸಿಕೊಳ್ಳಿ. ನವೀಕರಣದ ಅರ್ಜಿಯನ್ನು ಫೆಬ್ರವರಿಯಲ್ಲೇ ಹಾಕಿ.

ಹೆಜ್ಜೆ 4: ತಪಾಸಣೆಗೆ ಅಂಗಡಿ ಸಿದ್ಧ ಮಾಡುವುದು

ತಪಾಸಣೆಗೆ ಬರುವವರು ಗಾಳಿ, ಬೆಳಕು, ನೀರು, ಕಸ ನೋಡಿ ಹೋಗಬಹುದು. ಅಷ್ಟಕ್ಕೆ ಮಾತ್ರ ಸಿದ್ಧರಾಗಬೇಡಿ.

ನೆಲ ಮತ್ತು ಕೆಲಸದ ಮೇಜು ಒರೆಸಿದರೆ ಒದ್ದೆ ಹೀರದಂತಿರಬೇಕು. ಕಾರ್ಪೆಟ್, ಬಟ್ಟೆಯ ಸೋಫಾ ಕೆಲಸದ ಕೋಣೆಯಲ್ಲಿ ಬೇಡ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದ ಒಂದು ಹನಿ ಸಾಕು. ಈ ವಿಷಯ ತಿಳಿದ ದಿನ ನಾನು ಅಂಗಡಿಯಲ್ಲಿದ್ದ ಬಟ್ಟೆಯ ಕುರ್ಚಿಗಳನ್ನೆಲ್ಲ ತೆಗೆದುಹಾಕಿದೆ.

ಸೂಜಿ, ಕಾರ್ಟ್ರಿಜ್, ರೇಜರ್, ಶಾಯಿ ಹಾಕುವ ಪುಟ್ಟ ಬಟ್ಟಲು, ಕೈಗವಸು ಎಲ್ಲವೂ ಒಬ್ಬರಿಗೆ ಒಂದೇ ಸಲ. ಬಟ್ಟಲಿನಲ್ಲಿ ಉಳಿದ ಶಾಯಿಯನ್ನು ಬಾಟಲಿಗೆ ವಾಪಸ್ ಸುರಿಯಬಾರದು. ಶಾಯಿ ತೆಳು ಮಾಡಲು ನಲ್ಲಿ ನೀರು ಬಳಸಬಾರದು, ರೋಗಾಣು ಇಲ್ಲದ ಸ್ಟೆರೈಲ್ ನೀರೇ ಆಗಬೇಕು. ಸೂಜಿಯ ಪ್ಯಾಕೆಟ್ಟನ್ನು ಗಿರಾಕಿಯ ಕಣ್ಣೆದುರೇ ಒಡೆಯಿರಿ. ಅದರ ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅವಧಿ ಮುಗಿದದ್ದನ್ನು ಅಗ್ಗಕ್ಕೆ ಮಾರುವವರಿದ್ದಾರೆ, ತೆಗೆದುಕೊಳ್ಳಬೇಡಿ.

ಮತ್ತೆ ಬಳಸುವ ಲೋಹದ ಸಾಮಾನು ಇದ್ದರೆ ಆಟೋಕ್ಲೇವ್ ಬೇಕು. 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ಮನೆಯ ಪಾತ್ರೆಯಲ್ಲಿ ಕುದಿಸಿದರೆ ಎಲ್ಲ ರೋಗಾಣು ಸಾಯುವುದಿಲ್ಲ. ಸಲೂನುಗಳಲ್ಲಿ ಇಡುವ ನೀಲಿ ಬೆಳಕಿನ ಯುವಿ ಪೆಟ್ಟಿಗೆಯಿಂದ ಸ್ಟೆರಿಲೈಸ್ ಆಗುವುದಿಲ್ಲ. ಸ್ವಚ್ಛ ಮಾಡಿದ್ದನ್ನು ಇಟ್ಟುಕೊಳ್ಳಲು ಮಾತ್ರ ಅದು. ಕಿವಿ ಚುಚ್ಚುವ ಗನ್ನಿನ ತೊಂದರೆಯೂ ಇದೇ. ಪ್ಲಾಸ್ಟಿಕ್ ಮೈ ಇರುವ ಗನ್ನನ್ನು ಆಟೋಕ್ಲೇವಿಗೆ ಹಾಕಲು ಬರುವುದಿಲ್ಲ. ನಾನು ಗನ್ ಬಳಸುವುದಿಲ್ಲ. ಟೊಳ್ಳು ಸೂಜಿಯಲ್ಲೇ ಚುಚ್ಚುತ್ತೇನೆ.

ಶಾಯಿಯ ವಿಷಯದಲ್ಲಿ ಸರ್ಕಾರ ಈಗ ಕಣ್ಣು ಬಿಟ್ಟಿದೆ. 2025ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಟ್ಯಾಟೂ ಶಾಯಿ ಪರೀಕ್ಷೆ ಮಾಡಿಸಿದಾಗ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸೇರಿ 22 ಲೋಹಗಳು ಕಂಡವು ಎಂದು ಆರೋಗ್ಯ ಸಚಿವರೇ ಹೇಳಿದ್ದರು. ಆದ್ದರಿಂದ ಬಿಲ್ ಇಲ್ಲದೆ ಶಾಯಿ ತರಬೇಡಿ. ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆ ಬರೆದಿಡಿ. ನಾಳೆ ಯಾರಿಗಾದರೂ ಅಲರ್ಜಿಯಾದರೆ ಯಾವ ಬಾಟಲಿಯಿಂದ ಎಂದು ಹುಡುಕಲು ಬೇರೆ ದಾರಿ ಇಲ್ಲ.

ಕೆಲಸ ಮಾಡುವ ಪ್ರತಿಯೊಬ್ಬರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಮೊದಲ ದಿನ ಒಂದು, ಒಂದು ತಿಂಗಳಾದ ಮೇಲೆ ಒಂದು, ಆರನೇ ತಿಂಗಳಿಗೆ ಒಂದು, ಒಟ್ಟು ಮೂರು ಡೋಸ್. ಹೆಪಟೈಟಿಸ್ ಸಿ ಮತ್ತು ಎಚ್‌ಐವಿಗೆ ಲಸಿಕೆ ಇಲ್ಲ. ಬಳಸಿದ ಸೂಜಿ ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ಸಿಂಕಿನ ಮೇಲೆ ಅಂಟಿಸಿ.

ಹೆಜ್ಜೆ 5: ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಕಸದ ಗಾಡಿ ಬರುತ್ತದೆ. ಪೌರಕಾರ್ಮಿಕ ಅಮ್ಮ ಹಸಿ ಕಸ, ಒಣ ಕಸ ಬೇರೆ ಮಾಡಲು ಚೀಲಕ್ಕೆ ಕೈ ಹಾಕುತ್ತಾರೆ. ಆ ಚೀಲದಲ್ಲಿ ನಿಮ್ಮ ಸೂಜಿ ಇದ್ದರೆ? ಅವರಿಗೆ ಚುಚ್ಚಿದ ಸೂಜಿ ಯಾರದು ಎಂದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುತ್ತೀರಿ ಎಂದಾದರೆ ಇದನ್ನು ಓದಿ.

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ 2016 ಆಸ್ಪತ್ರೆ, ಕ್ಲಿನಿಕ್, ಪ್ರಯೋಗಾಲಯ, ಆಯುಷ್ ಆಸ್ಪತ್ರೆ ಎಂದು ಹೆಸರು ಹೇಳುತ್ತಾ ಹೋಗುತ್ತದೆ. ಆ ಪಟ್ಟಿಯಲ್ಲಿ ಟ್ಯಾಟೂ ಅಂಗಡಿಯ ಹೆಸರಿಲ್ಲ. ಅದನ್ನೇ ನೆಪ ಮಾಡಿಕೊಂಡು ಬಾಟಲಿಗೆ ಸೂಜಿ ತುಂಬಿ ಕಸಕ್ಕೆ ಎಸೆಯುವವರಿದ್ದಾರೆ. ಹಾಗೆ ಮಾಡಬೇಡಿ. ಅಕ್ಯುಪಂಕ್ಚರ್ ಕ್ಲಿನಿಕ್ಕಿಗಂತೂ ಈ ನಿಯಮ ನೇರವಾಗಿ ಅನ್ವಯಿಸುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆಯಲೇಬೇಕು. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಈ ಅನುಮತಿ ಒಂದೇ ಸಲ. ಪ್ರತಿ ವರ್ಷ ಜೂನ್ 30ರೊಳಗೆ ವಾರ್ಷಿಕ ವರದಿ ಕೊಡಬೇಕು.

ಟ್ಯಾಟೂ ಅಂಗಡಿಯವರು ಹೀಗೆ ಮಾಡಿ. ಮಂಡಳಿಯ ಪ್ರಾದೇಶಿಕ ಕಚೇರಿಗೆ ಒಂದು ಪತ್ರ ಬರೆಯಿರಿ. 'ನನ್ನ ಅಂಗಡಿಯಲ್ಲಿ ತಿಂಗಳಿಗೆ ಸುಮಾರು ಇಷ್ಟು ಸೂಜಿ, ಇಷ್ಟು ರಕ್ತ ತಾಗಿದ ಹತ್ತಿ ಬರುತ್ತದೆ. ಇದನ್ನು ಸಾಮೂಹಿಕ ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಕೊಡಲು ಏನು ಮಾಡಬೇಕು ತಿಳಿಸಿ' ಎಂದು ಕೇಳಿ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಿಮ್ಮ ಭಾಗದ ಕ್ಲಿನಿಕ್ಕುಗಳಿಂದ ತ್ಯಾಜ್ಯ ಎತ್ತುವ ಘಟಕದವರನ್ನು ವಿಚಾರಿಸಿ ಸದಸ್ಯರಾಗಿ. ತಿಂಗಳಿಗೆ ಒಂದಿಷ್ಟು ಹಣ ಹೋಗುತ್ತದೆ. ನಾನು ಅದನ್ನು ಬಾಡಿಗೆಯ ಜೊತೆಗೇ ಲೆಕ್ಕ ಹಾಕುತ್ತೇನೆ.

ಬಣ್ಣದ ಲೆಕ್ಕ ಹೀಗಿದೆ. ಸೂಜಿ, ಬ್ಲೇಡು ಬಿಳಿ ಡಬ್ಬಕ್ಕೆ. ಆ ಡಬ್ಬ ಚುಚ್ಚಿದರೆ ತೂತಾಗದಂಥದ್ದಿರಬೇಕು. ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ, ಮತ್ತೆ ತೆರೆಯಬೇಡಿ. ರಕ್ತ ತಾಗಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ. ಕೈಗವಸಿನಂಥವು ಕೆಂಪು ಚೀಲಕ್ಕೆ. ಹಳದಿ ಚೀಲದ ರಕ್ತದ ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಘಟಕದವರು ಎತ್ತಿದಾಗ ಕೊಡುವ ಚೀಟಿಗಳನ್ನು ಒಂದೇ ಫೈಲಿನಲ್ಲಿ ಇಡಿ. ಯಾರೇ ಪ್ರಶ್ನೆ ಮಾಡಲಿ, ಆ ಫೈಲು ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 6: ಅಕ್ಯುಪಂಕ್ಚರ್‌ಗೆ ಕೆಪಿಎಂಇ

ಇಲ್ಲಿ ಮೊದಲ ಪ್ರಶ್ನೆ, ನಿಮ್ಮ ಹತ್ತಿರ ಯಾವ ಓದಿದೆ? ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಎಂದಷ್ಟೇ ಒಪ್ಪಿತ್ತು. 2019ರ ಫೆಬ್ರವರಿಯಲ್ಲಿ ಸ್ವತಂತ್ರ ಪದ್ಧತಿ ಎಂದು ಮಾನ್ಯ ಮಾಡಿತು. ಮಹಾರಾಷ್ಟ್ರ ಇದಕ್ಕಾಗಿಯೇ 2015ರಲ್ಲಿ ಕಾಯ್ದೆ ಮಾಡಿ ಕೌನ್ಸಿಲ್ ಕಟ್ಟಿದೆ. ನಮ್ಮ ರಾಜ್ಯದಲ್ಲಿ ಅಂಥ ಕೌನ್ಸಿಲ್ ಇಲ್ಲ. ಆದ್ದರಿಂದ ಬೇರೆ ಯಾವುದಾದರೂ ವೈದ್ಯ ಮಂಡಳಿಯ ನೋಂದಣಿ ಇದ್ದವರಿಗೆ ದಾರಿ ಸಲೀಸು. ನನ್ನ ತಂಗಿಯ ಹಾಗೆ ಪ್ರಕೃತಿ ಚಿಕಿತ್ಸೆ ಓದಿದವರು, ಆಯುರ್ವೇದ ಅಥವಾ ಎಂಬಿಬಿಎಸ್ ಓದಿ ಆಮೇಲೆ ಅಕ್ಯುಪಂಕ್ಚರ್ ಕಲಿತವರು ತಮ್ಮ ಮಂಡಳಿಯ ನೋಂದಣಿ ಸಂಖ್ಯೆಯ ಮೇಲೆ ಅರ್ಜಿ ಹಾಕಬಹುದು.

ಬರೀ ಡಿಪ್ಲೊಮಾ ಇದ್ದವರಿಗೆ ನನ್ನ ಸಲಹೆ ಒಂದೇ. ಜಾಗ ಹುಡುಕುವ ಮುಂಚೆ ಡಿಪ್ಲೊಮಾ ಹಿಡಿದುಕೊಂಡು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮತ್ತು ಜಿಲ್ಲಾ ಆಯುಷ್ ಅಧಿಕಾರಿ ಕಚೇರಿಗೆ ಹೋಗಿ. ಉತ್ತರವನ್ನು ಬರಹದಲ್ಲೇ ಕೇಳಿ. ಆಗುವುದಿಲ್ಲ ಎಂದರೆ ನೋಂದಣಿ ಇರುವ ವೈದ್ಯರ ಕ್ಲಿನಿಕ್ಕಿನಲ್ಲಿ ಸೇರಿಕೊಂಡು ಕೆಲಸ ಮಾಡಿ. ಹೆಸರಿನ ಮುಂದೆ 'ಡಾ.' ಹಾಕಿಕೊಳ್ಳಬೇಡಿ. ನಕಲಿ ವೈದ್ಯರ ಮೇಲೆ ದಾಳಿಯಾದಾಗ ಮೊದಲು ಕಣ್ಣಿಗೆ ಬೀಳುವುದು ಆ ಒಂದಕ್ಷರ.

ಅರ್ಜಿ ಆನ್‌ಲೈನ್. ಅದನ್ನು ನೋಡುವುದು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ತಂಗಿ ಕೊಟ್ಟಿದ್ದು ಮಂಡಳಿಯ ನೋಂದಣಿ ಪತ್ರ, ಪದವಿ ಪತ್ರ, ಜಾಗದ ದಾಖಲೆ, ಮಾಲಿನ್ಯ ಮಂಡಳಿಯ ಅನುಮತಿ, ತ್ಯಾಜ್ಯ ಘಟಕದ ಒಪ್ಪಂದ. ಕೊನೆಯ ಎರಡು ಕೈಯಲ್ಲಿಲ್ಲದೆ ಅರ್ಜಿ ಮುಂದೆ ಹೋಗಲಿಲ್ಲ. ಅದಕ್ಕೇ ಐದನೇ ಹೆಜ್ಜೆಯನ್ನು ಮೊದಲು ಹೇಳಿದ್ದು.

ನೋಂದಣಿ 5 ವರ್ಷಕ್ಕೆ. ಪ್ರಮಾಣಪತ್ರ ಮತ್ತು ದರಪಟ್ಟಿ ಎರಡೂ ರೋಗಿಗಳಿಗೆ ಕಾಣುವ ಹಾಗೆ ಹಾಕಬೇಕು. ನೋಂದಣಿ ಇಲ್ಲದೆ ನಡೆಸಿದರೆ ಜೈಲು ಶಿಕ್ಷೆಯವರೆಗೂ ಹೋಗಬಹುದು.

ಬೋರ್ಡಿನಲ್ಲಿ ಏನು ಬರೆಯುತ್ತೀರಿ ಎನ್ನುವುದೂ ಮುಖ್ಯ. 'ಶುಗರ್ ಪೂರ್ತಿ ವಾಸಿ', 'ಕ್ಯಾನ್ಸರ್‌ಗೆ ಚಿಕಿತ್ಸೆ' ಎಂದು ಬರೆಸಿದರೆ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಗೆ ಸಿಕ್ಕಿಬೀಳುತ್ತೀರಿ. ಆ ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಅವುಗಳನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ.

ಹೆಜ್ಜೆ 7: ಉಳಿದ ಕಾಗದಗಳು

ಇವು ಸುಲಭ. ಬೇಗ ಹೇಳಿ ಮುಗಿಸುತ್ತೇನೆ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ನೋಂದಣಿ. ಕೆಲಸ ಶುರುವಾದ 30 ದಿನದೊಳಗೆ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಮಾಡಿಸಬೇಕು. 5 ವರ್ಷ ನಡೆಯುತ್ತದೆ.

ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಹತ್ತು ನಿಮಿಷದ ಕೆಲಸ. ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ, ಅಲ್ಲಿಂದ ಹೊರಗೆ ಬನ್ನಿ. ಬ್ಯಾಂಕಿನಲ್ಲಿ ಚಾಲ್ತಿ ಖಾತೆಗೂ ಸಾಲಕ್ಕೂ ಇದು ಬೇಕಾಗುತ್ತದೆ.

ಜಿಎಸ್‌ಟಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಕಡ್ಡಾಯ. ಮೊದಲ ವರ್ಷ ಅಷ್ಟು ಆಗುವುದು ಕಷ್ಟ. ಆದರೂ ಮೊದಲ ದಿನದಿಂದಲೇ ಬಿಲ್ ಪುಸ್ತಕ ಇಡಿ.

ನಾಮಫಲಕ. ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೆಸರನ್ನೇ ಕನ್ನಡದಲ್ಲಿ ಇಟ್ಟರೆ ಇನ್ನೂ ಚೆಂದ. 'ಹಚ್ಚೆ' ಎನ್ನುವ ಪದಕ್ಕಿಂತ ಒಳ್ಳೆಯ ಹೆಸರು ನಮ್ಮ ಕೆಲಸಕ್ಕೆ ಬೇಕೇ?

ಹೆಜ್ಜೆ 8: ಒಪ್ಪಿಗೆ ಪತ್ರ ಮತ್ತು ರಿಜಿಸ್ಟರ್

ಯಾವ ಕಚೇರಿಯೂ ನನ್ನಿಂದ ಇದನ್ನು ಕೇಳಿಲ್ಲ. ಆದರೂ ಒಂದು ದಿನವೂ ತಪ್ಪಿಸಿಲ್ಲ.

ಒಂದು ಉದ್ದ ಪುಸ್ತಕ. ದಿನಾಂಕ, ಗಿರಾಕಿಯ ಹೆಸರು, ವಯಸ್ಸು, ಫೋನ್, ಮೈಯ ಯಾವ ಭಾಗ, ಸೂಜಿಯ ಬ್ಯಾಚ್ ಸಂಖ್ಯೆ, ಶಾಯಿಯ ಬ್ಯಾಚ್ ಸಂಖ್ಯೆ, ಕೆಲಸ ಮಾಡಿದವರ ಸಹಿ. ಆಟೋಕ್ಲೇವ್‌ಗೆ ಬೇರೆ ಪುಸ್ತಕ. ಯಾವ ಹೊತ್ತಿಗೆ ಹಾಕಿದೆ, ಎಷ್ಟು ನಿಮಿಷ, ಸೂಚಕ ಪಟ್ಟಿಯ ಬಣ್ಣ ಬದಲಾಯಿತೇ ಎಂದು ಬರೆಯಬೇಕು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಗಿರಾಕಿಗೆ ಓದಲು ಬಾರದಿದ್ದರೆ ಓದಿ ಹೇಳಿ. ನಾನು ಕೇಳುವ ಪ್ರಶ್ನೆಗಳು: ಶುಗರ್ ಇದೆಯೇ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಗಾಯವಾದರೆ ಚರ್ಮ ಗಂಟು ಕಟ್ಟುತ್ತದೆಯೇ, ಗರ್ಭಿಣಿಯೇ, ಯಾವುದಕ್ಕಾದರೂ ಅಲರ್ಜಿ ಇದೆಯೇ. ಮುಂದಿನ 12 ತಿಂಗಳು ರಕ್ತ ಕೊಡುವಂತಿಲ್ಲ ಎಂದೂ ಬರೆದಿದ್ದೇನೆ. ಹುಟ್ಟುಹಬ್ಬಕ್ಕೆ ರಕ್ತ ಕೊಡುವ ಹುಡುಗರು ನಮ್ಮ ಕಡೆ ಬಹಳ. ಅವರಿಗೆ ಇದು ಗೊತ್ತಿರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಮಂಡ್ಯದ ಹುಡುಗನೊಬ್ಬನಿಂದ ಕಲಿತೆ. ಮುಂಗೈ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಲು ಬಂದಿದ್ದ. ಮಾತಾಡುತ್ತಾ ಸೇನೆಯ ಭರ್ತಿಗೆ ಓಡುತ್ತಿದ್ದೇನೆ ಎಂದ. ಸೇನೆಯಲ್ಲಿ ಹಚ್ಚೆಯ ಜಾಗಕ್ಕೆ ಕಟ್ಟುನಿಟ್ಟಿನ ನಿಯಮವಿದೆ ಎಂದು ಹೇಳಿ ವಾಪಸ್ ಕಳಿಸಿದೆ. ಈಗ ಎಲ್ಲ ಹುಡುಗರನ್ನೂ 'ಸೇನೆ, ಪೊಲೀಸ್ ಕೆಲಸಕ್ಕೆ ಹೋಗುವ ಯೋಚನೆ ಇದೆಯೇನಪ್ಪಾ?' ಎಂದು ಕೇಳಿಯೇ ಸೂಜಿ ಹಿಡಿಯುತ್ತೇನೆ.

18 ತುಂಬದವರಿಗೆ ಹಚ್ಚೆ ಹಾಕುವುದಿಲ್ಲ. ಅಪ್ಪ ಅಮ್ಮ ಜೊತೆಗೆ ಬಂದರೂ ಇಲ್ಲ. ಅಪ್ರಾಪ್ತರ ಸಹಿಗೆ 1872ರ ಕರಾರು ಕಾಯ್ದೆಯಲ್ಲಿ ಬೆಲೆ ಇಲ್ಲ. ಮಕ್ಕಳ ಕಿವಿ ಚುಚ್ಚುವುದು ಬೇರೆ ಮಾತು. ಅದು ನಮ್ಮ ಮನೆಗಳ ಶಾಸ್ತ್ರ. ಅದಕ್ಕೆ ಅಪ್ಪ ಅಥವಾ ಅಮ್ಮ ಎದುರಿಗಿದ್ದು ಸಹಿ ಹಾಕಬೇಕು.

ಜಾತ್ರೆ, ದಸರಾ ಮಳಿಗೆ ಹಾಕುವವರಿಗೆ

ಅಂಗಡಿಯ ಪರವಾನಗಿ ಆ ಅಂಗಡಿಯ ವಿಳಾಸಕ್ಕೆ ಮಾತ್ರ. ಅದನ್ನು ಹಿಡಿದುಕೊಂಡು ಮೇಲುಕೋಟೆ ವೈರಮುಡಿಗೋ ನಂಜನಗೂಡಿನ ದೊಡ್ಡ ಜಾತ್ರೆಗೋ ಹೋಗಿ ಮಳಿಗೆ ಹಾಕಲು ಆಗುವುದಿಲ್ಲ. ಅಲ್ಲಿನ ದೇವಸ್ಥಾನದ ಆಡಳಿತ ಮತ್ತು ಸ್ಥಳೀಯ ಸಂಸ್ಥೆಯಿಂದ ಪ್ರತ್ಯೇಕ ಅನುಮತಿ ಬೇಕು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಾದರೆ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರವನ್ನು ಕೇಳಿ.

ಜಾತ್ರೆಯಲ್ಲಿ ಬ್ಯಾಟರಿ ಯಂತ್ರ ಇಟ್ಟುಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ಒಂದೇ ಸೂಜಿ, ಒಂದೇ ಬಟ್ಟಲು ಶಾಯಿ, ಒರೆಸಲು ಒಂದೇ ಬಟ್ಟೆ, ಸಾಲಿನಲ್ಲಿ ಇಪ್ಪತ್ತು ಕೈ. ನನ್ನ ಅಜ್ಜಿಯ ಮುಂಗೈ ಮೇಲಿನ ಹಚ್ಚೆಯೂ ಹಾಗೆ ಜಾತ್ರೆಯಲ್ಲಿ ಹಾಕಿಸಿದ್ದೇ. ಕೂತವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನಗಿಂತ ಹಳಬರು, ಈ ಕಲೆ ಅವರ ಮನೆತನದಿಂದ ಬಂದದ್ದು. ಆದರೆ ಸೂಜಿ ಬದಲಾಗಲೇಬೇಕು. ಹೋದ ಸಲ ಜಾತ್ರೆಗೆ ಹೋದಾಗ ಅಂಥ ಒಬ್ಬ ಅಮ್ಮನ ಪಕ್ಕ ಕೂತು ಮಾತಾಡಿದೆ. ಪ್ಯಾಕೆಟ್ ಸೂಜಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ನಾನು ತರಿಸುವ ಬೆಲೆ ಹೇಳಿದೆ. ಒಂದು ಹಚ್ಚೆಗೆ ಅಷ್ಟನ್ನು ಜಾಸ್ತಿ ಕೇಳಿದರೆ ಜನ ಕೊಡುತ್ತಾರಾ ಎಂದು ಯೋಚಿಸಿದರು. ಆಮೇಲೆ ನನ್ನ ಫೋನ್ ನಂಬರು ಬರೆಸಿಕೊಂಡರು. ಈಗ ಜಾತ್ರೆಗೆ ಮುಂಚೆ ಅವರ ಮಗ ಫೋನ್ ಮಾಡುತ್ತಾನೆ. ನಾನು ನನ್ನ ಆರ್ಡರಿನ ಜೊತೆಗೇ ಅವರಿಗೂ ನಾಲ್ಕು ಪೆಟ್ಟಿಗೆ ಸೂಜಿ, ಒಂದು ಬಿಳಿ ಡಬ್ಬ ತರಿಸುತ್ತೇನೆ. ಜಾತ್ರೆ ಮುಗಿದ ಮೇಲೆ ಆ ಡಬ್ಬ ನನ್ನ ಅಂಗಡಿಗೆ ವಾಪಸ್ ಬರುತ್ತದೆ.